ಗುಣ ಗಿಡದಲ್ಲೋ, ಅಣುವಿನಲ್ಲೋ?

ಮದ್ದಿನ ಗಿಡ ರೋಗ ವಾಸಿಮಾಡಿದರೆ ಆ ಶಕ್ತಿ ಇಡೀ ಗಿಡದ್ದೋ, ಗಿಡದೊಳಗೆ ಅಡಗಿರುವ ಯಾವುದೋ ಒಂದು ಸಾರದ್ದೋ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ವೈಶೇಷಿಕರು ಜಗತ್ತನ್ನು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರು ಪದಾರ್ಥಗಳಲ್ಲಿ ಹಿಡಿದಿಟ್ಟರು. ಅವರ ಪ್ರಕಾರ ಗುಣಕ್ಕೆ ತನ್ನದೇ ಆದ ನೆಲೆಯಿಲ್ಲ. ದ್ರವ್ಯವನ್ನು ಆಶ್ರಯಿಸಿಯೇ ಅದು ಇರಬೇಕು. ಎರಡನ್ನೂ ಬಿಡಿಸಲಾರದಂತೆ ಬೆಸೆದಿರುವ ನಂಟೇ ಸಮವಾಯ. ಚರಕ ಸಂಹಿತೆ ತನ್ನ ಮೊದಲ ಅಧ್ಯಾಯದಲ್ಲೇ ಈ ಆರು ಪದಾರ್ಥಗಳನ್ನು ಎತ್ತಿಕೊಂಡು ವೈದ್ಯಕ್ಕೆ ಒಗ್ಗಿಸಿಕೊಂಡಿತು. ವೈದ್ಯನ ಕೈಗೆ ಸಿಗುವುದು ದ್ರವ್ಯ. ಗುಣ, ಕರ್ಮಗಳು ಅದರ ಜೊತೆಯಲ್ಲೇ ಬರುತ್ತವೆ ಎಂಬುದು ಅದರ ನಿಲುವು. ಆಧುನಿಕ ರಸಾಯನಶಾಸ್ತ್ರ ಹಿಡಿದ ದಾರಿ ಬೇರೆ. ಬೇರನ್ನು ಕುಟ್ಟಿ, ದ್ರಾವಕದಲ್ಲಿ ನೆನೆಸಿ, ಒಂದೊಂದೇ ಅಣುವನ್ನು ಬೇರ್ಪಡಿಸಿ, ಕೆಲಸ ಮಾಡುವುದು ಯಾವುದೆಂದು ಅದು ಹುಡುಕುತ್ತದೆ. ಈ ಎರಡು ದಾರಿಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ತಿಳಿಯಲು ಸಸ್ಯ ಸ್ಟೆರಾಲ್‌ಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಯುರ್ವೇದ ದ್ರವ್ಯದ ಕೆಲಸವನ್ನು ಹಲವು ಮೆಟ್ಟಿಲುಗಳಲ್ಲಿ ವಿವರಿಸುತ್ತದೆ. ನಾಲಿಗೆಗೆ ತಾಗುವ ರುಚಿ ರಸ. ಮೈಯಲ್ಲಿ ಬಿಸಿ ಅಥವಾ ತಂಪಾಗಿ ತೋರುವ ಕಸುವು ವೀರ್ಯ. ಅರಗಿದ ಮೇಲೆ ಉಳಿಯುವ ಪರಿಣಾಮ ವಿಪಾಕ. ಈ ಮೂರರಿಂದಲೂ ವಿವರಿಸಲಾಗದ ಕೆಲಸಕ್ಕೆ ಪ್ರಭಾವ ಎಂದು ಹೆಸರು. ಚರಕ ಕೊಡುವ ಉದಾಹರಣೆ ಚಿತ್ರಮೂಲ ಮತ್ತು ದಂತಿ. ಎರಡರ ರಸವೂ ಖಾರ, ವಿಪಾಕವೂ ಖಾರ, ವೀರ್ಯವೂ ಉಷ್ಣ. ಆದರೆ ದಂತಿ ಭೇದಿ ಮಾಡಿಸುತ್ತದೆ, ಚಿತ್ರಮೂಲ ಮಾಡಿಸುವುದಿಲ್ಲ. ಮೂರು ಲಕ್ಷಣಗಳೂ ಒಂದೇ ಆಗಿರುವಾಗ ಕೆಲಸ ಬೇರೆಯಾಗುವುದು ಏಕೆ? ಚರಕನ ಉತ್ತರ, ಅದು ದಂತಿಯ ಪ್ರಭಾವ, ಅದನ್ನು ಚಿಂತಿಸಿ ತಿಳಿಯಲಾಗದು. ಇದನ್ನು ಸೋಲಿನ ಮಾತೆಂದು ತಳ್ಳಿಹಾಕುವವರಿದ್ದಾರೆ. ವಾಸ್ತವದಲ್ಲಿ ಇದು ಪ್ರಾಮಾಣಿಕತೆಯ ಮಾತು. ಸಿದ್ಧಾಂತ ಕೈಕೊಟ್ಟ ಕಡೆ ಕಂಡದ್ದನ್ನು ಅಲ್ಲಗಳೆಯದೆ, ಅದಕ್ಕೊಂದು ಹೆಸರಿಟ್ಟು, ಮುಂದಿನವರಿಗಾಗಿ ಜಾಗ ಬಿಟ್ಟಿದ್ದಾನೆ ಚರಕ.

ಸಸ್ಯ ಸ್ಟೆರಾಲ್‌ಗಳ ಕಥೆಯೂ ಇಂಥದ್ದೇ ಒಂದು ಒಗಟು. ಪ್ರಾಣಿಗಳ ಜೀವಕೋಶದ ಪೊರೆಗೆ ಕೊಲೆಸ್ಟರಾಲ್ ಹೇಗೋ, ಗಿಡಮರಗಳ ಜೀವಕೋಶದ ಪೊರೆಗೆ ಸಸ್ಯ ಸ್ಟೆರಾಲ್ ಹಾಗೆ; ಅದಿಲ್ಲದೆ ಪೊರೆಗೆ ಗಟ್ಟಿತನವಿಲ್ಲ. ಇವುಗಳಲ್ಲಿ ಮುಖ್ಯವಾದವು ಬೀಟಾ ಸಿಟೊಸ್ಟೆರಾಲ್, ಕ್ಯಾಂಪೆಸ್ಟೆರಾಲ್ ಮತ್ತು ಸ್ಟಿಗ್ಮಾಸ್ಟೆರಾಲ್. ಕೊಲೆಸ್ಟರಾಲ್ ಅಣುವಿನಲ್ಲಿ 27 ಇಂಗಾಲದ ಪರಮಾಣುಗಳಿವೆ, ಕ್ಯಾಂಪೆಸ್ಟೆರಾಲ್‌ನಲ್ಲಿ 28, ಸಿಟೊಸ್ಟೆರಾಲ್‌ನಲ್ಲಿ 29. ಬಾಲದ ಒಂದು ಗೆಣ್ಣಿನಲ್ಲಿ ಎರಡು ಇಂಗಾಲ ಹೆಚ್ಚಾಗಿ ಅಂಟಿಕೊಂಡಿರುವುದೊಂದೇ ಸಿಟೊಸ್ಟೆರಾಲ್‌ಗೂ ಕೊಲೆಸ್ಟರಾಲ್‌ಗೂ ಇರುವ ವ್ಯತ್ಯಾಸ. ಆದರೆ ಮನುಷ್ಯನ ಕರುಳು ಈ ಎರಡನ್ನೂ ಕಾಣುವ ರೀತಿಯೇ ಬೇರೆ. ಊಟದ ಕೊಲೆಸ್ಟರಾಲ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೈಗೆ ಸೇರುತ್ತದೆ. ಸಿಟೊಸ್ಟೆರಾಲ್‌ನಲ್ಲಿ ನೂರಕ್ಕೆ ಐದು ಪಾಲೂ ಸೇರುವುದಿಲ್ಲ. ಕರುಳಿನ ಗೋಡೆಯೊಳಗೆ ನುಸುಳಿದ ಸಸ್ಯ ಸ್ಟೆರಾಲನ್ನು ಅಲ್ಲಿನ ಎರಡು ಪ್ರೋಟೀನುಗಳು ಜೋಡಿಯಾಗಿ ಮತ್ತೆ ಕರುಳಿಗೇ ಹೊರದಬ್ಬುತ್ತವೆ.

ಮೈಗೆ ಸೇರದ ವಸ್ತುವಿನಿಂದ ಮೈಗೆ ಏನು ಪ್ರಯೋಜನ? ಇದರ ಕೆಲಸವೆಲ್ಲ ನಡೆಯುವುದು ಹೊಸ್ತಿಲಲ್ಲೇ. ಕೊಬ್ಬು ನೀರಿನಲ್ಲಿ ಕರಗದು. ಪಿತ್ತರಸ ಅದನ್ನು ತೀರಾ ಸಣ್ಣ ಹನಿಗಳಾಗಿ ಒಡೆದು ಹೊತ್ತುಕೊಂಡು ಕರುಳಿನ ಗೋಡೆಗೆ ಮುಟ್ಟಿಸುತ್ತದೆ. ಆ ಹನಿಗಳಲ್ಲಿ ಜಾಗ ಕಡಿಮೆ. ಕೊಲೆಸ್ಟರಾಲ್ ಕೂರಬೇಕಾದ ಜಾಗದಲ್ಲಿ ಅದೇ ಆಕಾರದ ಸಸ್ಯ ಸ್ಟೆರಾಲ್ ಬಂದು ಕೂತರೆ ಕೊಲೆಸ್ಟರಾಲ್ ಹೊರಗುಳಿದು ಮಲದೊಂದಿಗೆ ಹೋಗುತ್ತದೆ. ಹೀಗೆ ಒಳಬರುವ ಕೊಲೆಸ್ಟರಾಲ್ ತಗ್ಗಿದಾಗ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದಿಂದಲೇ ಸೆಳೆದುಕೊಳ್ಳುತ್ತದೆ. ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟದ್ದೆನ್ನುವ ಕೊಲೆಸ್ಟರಾಲ್, ಇಳಿಯುತ್ತದೆ. ಕೋಳಿಗಳ ಮೇಲೆ ಇದನ್ನು 1951ರಲ್ಲಿ ಪೀಟರ್ಸನ್, ಮನುಷ್ಯರ ಮೇಲೆ 1953ರಲ್ಲಿ ಪೊಲಾಕ್ ತೋರಿಸಿಕೊಟ್ಟರು. ಫಿನ್ಲೆಂಡಿನಲ್ಲಿ 1995ರಲ್ಲಿ ಸ್ಟೆರಾಲ್‌ನ ಸೋದರ ರೂಪವಾದ ಸ್ಟಾನಾಲನ್ನು ಬೆರೆಸಿದ ಮಾರ್ಗರಿನ್ ಮಾರುಕಟ್ಟೆಗೆ ಬಂತು. ದಿನಕ್ಕೆ ಸುಮಾರು 2 ಗ್ರಾಂ ಸೇವಿಸಿದರೆ ಎಲ್‌ಡಿಎಲ್ ಶೇ 8ರಿಂದ 10ರಷ್ಟು ಇಳಿಯುತ್ತದೆ ಎಂಬುದು ಅನೇಕ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಫಲ.

ಎರಡು ಇಂಗಾಲದ ವ್ಯತ್ಯಾಸದಿಂದ ಒಂದು ವಸ್ತು ಮೈಗೆ ಸೇರುತ್ತದೆ, ಇನ್ನೊಂದು ಬಾಗಿಲಲ್ಲೇ ನಿಂತು ಮೊದಲನೆಯದನ್ನು ತಡೆಯುತ್ತದೆ. ಚಿತ್ರಮೂಲ ಮತ್ತು ದಂತಿಯ ಒಗಟಿಗೂ ಇದಕ್ಕೂ ಹೋಲಿಕೆ ಇದೆ, ಆದರೆ ಈ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬ ಎಚ್ಚರ ಬೇಕು. ಚರಕನಿಗೆ ಅಣುರಚನೆ ಗೊತ್ತಿತ್ತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಹಾಗೆ ಹೇಳುವವರು ಚರಕನಿಗೆ ಗೌರವ ತರುತ್ತಿಲ್ಲ. ಸಿದ್ಧವಾಗುವುದು ಇಷ್ಟು: ಹೊರಗೆ ಒಂದೇ ರೀತಿ ಕಾಣುವ ವಸ್ತುಗಳು ಒಳಗೆ ಬೇರೆ ಬೇರೆ ಕೆಲಸ ಮಾಡಬಲ್ಲವು, ಆ ವ್ಯತ್ಯಾಸಕ್ಕೆ ಕಾರಣ ವಸ್ತುವಿನಲ್ಲೇ ಇರುತ್ತದೆ. ಈ ಎರಡನೆಯ ಮಾತನ್ನು ವೈಶೇಷಿಕರೂ ಒಪ್ಪುತ್ತಿದ್ದರು.

ಊಟದಿಂದ ಈ ಸ್ಟೆರಾಲ್ ಎಷ್ಟು ಸಿಗುತ್ತದೆ ಎಂಬುದು ಮುಂದಿನ ಮಾತು. ಸಾಮಾನ್ಯ ಊಟದಲ್ಲಿ ದಿನಕ್ಕೆ 150ರಿಂದ 400 ಮಿಲಿಗ್ರಾಂ ಸಿಗುತ್ತದೆ. ಸಸ್ಯಾಹಾರಿಗಳಿಗೆ ಸ್ವಲ್ಪ ಹೆಚ್ಚು. ಕಾಳುಗಳಲ್ಲಿ ಎಳ್ಳು ಮುಂದು, 100 ಗ್ರಾಂ ಎಳ್ಳಿನಲ್ಲಿ 400 ಮಿಲಿಗ್ರಾಂಗೆ ಕಡಿಮೆಯಿಲ್ಲ. ಎಣ್ಣೆಗಳಲ್ಲಿ ಅಕ್ಕಿ ತೌಡಿನ ಎಣ್ಣೆ ಎಲ್ಲಕ್ಕಿಂತ ಶ್ರೀಮಂತ, 100 ಗ್ರಾಂಗೆ ಒಂದು ಗ್ರಾಂಗಿಂತಲೂ ಹೆಚ್ಚು. ಎಳ್ಳೆಣ್ಣೆ ಅದರ ಹಿಂದೆಯೇ ಇದೆ, ಕಡಲೆಕಾಯಿ ಎಣ್ಣೆ ಬಹಳ ಹಿಂದೆ, ಕೊಬ್ಬರಿ ಎಣ್ಣೆ ಇನ್ನೂ ಹಿಂದೆ. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿಸಿದಾಗ ಹೋಗುವ ತೌಡಿನಲ್ಲೇ ಈ ಸಂಪತ್ತು ಇರುವುದು. ಆದರೂ ಬರೀ ಎಳ್ಳಿನಿಂದ 2 ಗ್ರಾಂ ಪಡೆಯಬೇಕಾದರೆ ದಿನಕ್ಕೆ ಅರ್ಧ ಕಿಲೋದಷ್ಟು ತಿನ್ನಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ ಕೊಲೆಸ್ಟರಾಲ್ ಇಳಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಎಳ್ಳು ಬೀರುವುದಕ್ಕೆ ಇರುವ ಕಾರಣ ಬೇರೆ, ಅದಕ್ಕೆ ಪ್ರಯೋಗಶಾಲೆಯ ಸಾಕ್ಷಿಯೂ ಬೇಕಿಲ್ಲ.

ಬೌದ್ಧರ ವಿನಯ ಪಿಟಕದಲ್ಲಿ ಜೀವಕನ ಕಥೆ ಬರುತ್ತದೆ. ತಕ್ಷಶಿಲೆಯಲ್ಲಿ ಏಳು ವರ್ಷ ಕಲಿತ ಜೀವಕನಿಗೆ ಗುರು ಒಂದು ಪರೀಕ್ಷೆ ಇಡುತ್ತಾನೆ: ಊರ ಸುತ್ತ ಒಂದು ಯೋಜನ ದೂರ ತಿರುಗಿ, ಮದ್ದಲ್ಲದ ಗಿಡವನ್ನು ತರಬೇಕು. ಜೀವಕ ಬರಿಗೈಯಲ್ಲಿ ಹಿಂದಿರುಗುತ್ತಾನೆ, ತೇರ್ಗಡೆಯಾಗುತ್ತಾನೆ. ಜಗತ್ತಿನಲ್ಲಿ ಔಷಧವಲ್ಲದ ದ್ರವ್ಯವೇ ಇಲ್ಲ ಎಂದು ಚರಕನೂ ಹೇಳುತ್ತಾನೆ. ಆದರೆ ಅವನ ಮಾತಿಗೆ ಒಂದು ಷರತ್ತು ಅಂಟಿಕೊಂಡಿದೆ. ಯಾವ ಉದ್ದೇಶಕ್ಕೆ, ಯಾವ ಯುಕ್ತಿಯಿಂದ ಬಳಸುತ್ತಾರೆ ಎಂಬುದರ ಮೇಲೆ ದ್ರವ್ಯ ಮದ್ದಾಗುತ್ತದೆ. ಯುಕ್ತಿಯಿದ್ದರೆ ಕಡುವಿಷವೂ ಮದ್ದು, ಇಲ್ಲದಿದ್ದರೆ ಮದ್ದೂ ವಿಷ. ಸಿಟೊಸ್ಟೆರಾಲ್ ಇದಕ್ಕೆ ಸಾಕ್ಷಿ ಒದಗಿಸುತ್ತದೆ. ಅಮೆರಿಕದಲ್ಲಿ 1974ರಲ್ಲಿ ಇಬ್ಬರು ಅಕ್ಕತಂಗಿಯರಲ್ಲಿ ಹೊಸದೊಂದು ಕಾಯಿಲೆ ಗುರುತಿಸಲಾಯಿತು. ಸಸ್ಯ ಸ್ಟೆರಾಲನ್ನು ಹೊರದಬ್ಬುವ ಆ ಪ್ರೋಟೀನಿನ ಜೋಡಿ ಹುಟ್ಟಿನಿಂದಲೇ ಕೆಟ್ಟಿರುವವರಲ್ಲಿ ಸಿಟೊಸ್ಟೆರಾಲ್ ರಕ್ತದಲ್ಲಿ ಜಮೆಯಾಗುತ್ತದೆ, ಸ್ನಾಯುರಜ್ಜುಗಳಲ್ಲಿ ಕೊಬ್ಬಿನ ಗಂಟುಗಳು ಏಳುತ್ತವೆ, ಎಳೆಯ ವಯಸ್ಸಿಗೇ ಹೃದಯದ ರಕ್ತನಾಳ ಕಟ್ಟಿಕೊಳ್ಳಬಹುದು. ಉಳಿದವರಿಗೆ ಹಿತವಾದ ಎಣ್ಣೆ, ಕಾಳು, ಬೀಜಗಳನ್ನು ಇವರು ದೂರ ಇಡಬೇಕು. ಅಣು ಒಂದೇ; ಅದು ಮದ್ದೋ ನಂಜೋ ಎಂದು ತೀರ್ಮಾನವಾಗುವುದು ಅದನ್ನು ಬರಮಾಡಿಕೊಳ್ಳುವ ದೇಹದಲ್ಲಿ. ಗುಣ ದ್ರವ್ಯದಲ್ಲಿದೆ ಎಂಬ ವೈಶೇಷಿಕರ ಉತ್ತರವೂ, ಗುಣ ಅಣುವಿನಲ್ಲಿದೆ ಎಂಬ ರಸಾಯನಶಾಸ್ತ್ರದ ಉತ್ತರವೂ ಇಲ್ಲಿ ಅರ್ಧದಾರಿಗೆ ನಿಲ್ಲುತ್ತವೆ.

ಇಲ್ಲಿಂದ ಮುಂದೆ ಪ್ರಮಾಣದ ಪ್ರಶ್ನೆ ಏಳುತ್ತದೆ: ಗಿಡವೊಂದು ಮದ್ದು ಎಂದು ತಿಳಿಯುವುದು ಹೇಗೆ? ಈಗ ಮೂಲಿಕೆಗಳ ಬಗೆಗಿನ ಪುಸ್ತಕ, ಜಾಹೀರಾತು, ಡಬ್ಬಿಯ ಮೇಲಿನ ಚೀಟಿಗಳಲ್ಲಿ ಒಂದು ವಾದ ಪದೇಪದೇ ಕಾಣುತ್ತದೆ. ಈ ಗಿಡದಲ್ಲಿ ಬೀಟಾ ಸಿಟೊಸ್ಟೆರಾಲ್ ಇದೆಯೆಂದು ವಿಜ್ಞಾನ ಕಂಡುಹಿಡಿದಿದೆ, ಆದ್ದರಿಂದ ಹಿರಿಯರು ಇದನ್ನು ಮದ್ದೆಂದದ್ದು ನಿಜ ಎನ್ನುತ್ತದೆ ಆ ವಾದ. ಅಮೃತಬಳ್ಳಿ, ತುಳಸಿ, ಶತಾವರಿ, ಅಶ್ವಗಂಧ, ಎಲ್ಲದರ ಬಗ್ಗೆಯೂ ಹೀಗೆ ಬರೆದಿದ್ದಾರೆ. ಈ ವಾದದ ದೋಷವನ್ನು ತಿಳಿಯಲು ನ್ಯಾಯಶಾಸ್ತ್ರದ ಹೇತ್ವಾಭಾಸಗಳ, ಅಂದರೆ ಹೇತುವಿನಂತೆ ತೋರುವ ಹುಸಿ ಕಾರಣಗಳ, ಪಾಠವೇ ಸಾಕು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ ಎನ್ನುವುದು ಸರಿಯಾದ ಹೇತು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಬೆಟ್ಟ ಅರಿವಿಗೆ ನಿಲುಕುವ ವಸ್ತು ಎಂದರೆ ಅದು ಸಾಧಾರಣ ಎಂಬ ಹೇತುದೋಷ. ಅರಿವಿಗೆ ನಿಲುಕುವುದು ಬೆಂಕಿಯಿರುವ ಅಡುಗೆಮನೆಗೂ ಸಲ್ಲುತ್ತದೆ, ಬೆಂಕಿಯಿಲ್ಲದ ಕೊಳಕ್ಕೂ ಸಲ್ಲುತ್ತದೆ. ಎರಡೂ ಕಡೆ ಇರುವ ಕುರುಹು ಯಾವ ಕಡೆಗೂ ಸಾಕ್ಷಿಯಾಗದು.

ಸಿಟೊಸ್ಟೆರಾಲ್ ಅಂಥ ಕುರುಹು. ಜೀವಕೋಶದ ಪೊರೆಯ ಭಾಗವಾದ್ದರಿಂದ ಅದು ಮದ್ದಿನ ಗಿಡದಲ್ಲೂ ಇದೆ, ಬೇಲಿಯ ಕಳೆಯಲ್ಲೂ ಇದೆ, ವಿಷದ ಮರದಲ್ಲೂ ಇದೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನ ಹಾಲೆ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ಅದರ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಆ ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಜೀವಕ್ಕೇ ಅಪಾಯ. ಅದರಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳು. ಹಾಲೆಯಲ್ಲೂ ಕಾಸರಕದಲ್ಲೂ ಸ್ಟೆರಾಲ್ ಇದ್ದೇ ಇರುತ್ತದೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪನ್ನು ಬೇಯಿಸಿದ ಕಡುನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಎಂಬುದು ನಂಬಿಕೆ. ಈ ಆಚರಣೆಗಳಿಗೆ ಬೆಲೆಯಿಲ್ಲವೆಂದಲ್ಲ. ಮಳೆಗಾಲದ ನಡುವೆ ಊರಿಗೆ ಊರೇ ಒಂದು ಗಿಡವನ್ನು ನೆನೆದು, ಗುರುತು ಹಿಡಿದು, ಮಕ್ಕಳಿಗೆ ತೋರಿಸಿಕೊಡುವ ಪಾಠ ಅದು. ಆ ಬೆಲೆಯನ್ನು ಸಿಟೊಸ್ಟೆರಾಲ್‌ನ ಹೆಸರಿನಲ್ಲಿ ಎತ್ತಿಹಿಡಿಯಲು ಹೊರಟರೆ ತರ್ಕವೂ ಕೆಡುತ್ತದೆ, ಸಂಪ್ರದಾಯವೂ ಬಾಡಿಗೆ ಊರುಗೋಲಿನ ಮೇಲೆ ನಿಲ್ಲಬೇಕಾಗುತ್ತದೆ.

ಹಾಗಾದರೆ ಆಪ್ತವಾಕ್ಯವನ್ನೇ, ಅಂದರೆ ನಂಬಿಕೆಗೆ ಅರ್ಹರಾದವರ ಮಾತನ್ನೇ, ನಂಬಬೇಕೆ? ನ್ಯಾಯಸೂತ್ರಗಳಲ್ಲಿ ಗೌತಮ ವೇದ ಪ್ರಮಾಣವೆಂದು ಸಾಧಿಸುವಾಗ ಆಯುರ್ವೇದವನ್ನೇ ದೃಷ್ಟಾಂತವಾಗಿ ಕೊಡುತ್ತಾನೆ. ಆಯುರ್ವೇದ ಹೇಳಿದಂತೆ ನಡೆದರೆ ಫಲ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಹೇಳಿದವರು ಆಪ್ತರು ಎಂಬುದು ಅವನ ವಾದದ ಹುರುಳು. ಗಮನಿಸಬೇಕಾದ ಸಂಗತಿ ಏನೆಂದರೆ ಇಲ್ಲಿ ಶಾಸ್ತ್ರದ ಭಾರ ಹೊತ್ತಿರುವುದು ಫಲ. ಸುಶ್ರುತ ಇನ್ನೂ ಖಡಾಖಂಡಿತ: ಸ್ವಭಾವದಿಂದಲೇ ಪ್ರಸಿದ್ಧವಾದ ಮದ್ದುಗಳನ್ನು ತರ್ಕಕ್ಕೆ ಎಳೆಯಬಾರದು, ಆಗಮದಂತೆ ಬಳಸಬೇಕು, ಸಾವಿರ ಕಾರಣ ಕೊಟ್ಟರೂ ಮಲ ಕಟ್ಟುವ ಅಂಬಷ್ಠಾದಿ ಗಣ ಭೇದಿ ಮಾಡಿಸಲಾರದು ಎನ್ನುತ್ತಾನೆ. ಇದನ್ನು ಪ್ರಶ್ನೆ ಕೇಳಬೇಡ ಎಂಬ ಅಪ್ಪಣೆಯಾಗಿ ಓದಬಹುದು. ಕಂಡ ಫಲವನ್ನು ಒಣತರ್ಕ ಅಳಿಸಲಾರದು ಎಂಬ ಎಚ್ಚರಿಕೆಯಾಗಿಯೂ ಓದಬಹುದು. ಎರಡನೆಯ ಓದೇ ಸರಿ, ಏಕೆಂದರೆ ಅಂಬಷ್ಠಾದಿಯ ಉದಾಹರಣೆ ನಿಂತಿರುವುದು ಅನುಭವದ ಮೇಲೆ. ಚರಕನಂತೂ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಯುಕ್ತಿಯನ್ನೂ ನಾಲ್ಕನೆಯ ಪರೀಕ್ಷೆಯಾಗಿ ಸೇರಿಸಿದ. ಹಲವು ಕಾರಣಗಳು ಕೂಡಿ ಒಂದು ಫಲ ಹುಟ್ಟುವುದನ್ನು ಕಾಣಬಲ್ಲ ಬುದ್ಧಿಯೇ ಅವನ ಯುಕ್ತಿ.

ಗುಗ್ಗುಲುವಿನ ಚರಿತ್ರೆಯಲ್ಲಿ ಈ ನಾಲ್ಕೂ ಪರೀಕ್ಷೆಗಳು ಒಂದಾದ ಮೇಲೊಂದರಂತೆ ನಡೆದಿವೆ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಬೆಳೆಯುವ ಈ ಮುಳ್ಳುಗಿಡದ ಅಂಟನ್ನು ಮೇದಸ್ಸಿನ ಕಾಯಿಲೆಗೆ ಸುಶ್ರುತ ಹೇಳಿದ್ದಾನೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿ ಅವರು ಮೇದೋರೋಗದ ಆ ವರ್ಣನೆಗೂ ರಕ್ತನಾಳದಲ್ಲಿ ಕೊಬ್ಬು ಕಟ್ಟುವ ಇಂದಿನ ಕಾಯಿಲೆಗೂ ಹೋಲಿಕೆ ಕಂಡು, ಮೊಲಗಳ ಮೇಲೆ ಪ್ರಯೋಗ ನಡೆಸಿ, 1966ರಲ್ಲಿ ಪ್ರಬಂಧ ಸಲ್ಲಿಸಿದರು. ಅಲ್ಲಿಂದ ಗುಗ್ಗುಲುಸ್ಟೆರೋನ್ ಎಂಬ ಸ್ಟೆರಾಯ್ಡ್ ಅಣುಗಳು ಬೇರ್ಪಟ್ಟವು; ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅಂಟಿನ ಸಾರವನ್ನು ಶುದ್ಧಪಡಿಸಿತು; 1986ರಲ್ಲಿ ಅದಕ್ಕೆ ಭಾರತದಲ್ಲಿ ಔಷಧವಾಗಿ ಅನುಮತಿ ಸಿಕ್ಕಿತು. ಪಿತ್ತರಸವನ್ನು ಹತೋಟಿಯಲ್ಲಿಡುವ ಒಂದು ಗ್ರಾಹಕವನ್ನು ಗುಗ್ಗುಲುಸ್ಟೆರೋನ್ ತಡೆಯುತ್ತದೆ ಎಂದು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೇತು ಸಿಕ್ಕಿತು, ಯಂತ್ರ ತಿಳಿಯಿತು ಎನ್ನುವಷ್ಟರಲ್ಲಿ, ಮರುವರ್ಷವೇ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ನಡೆದ ಪ್ರಯೋಗದ ಫಲ ಬಂತು. ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಎಲ್‌ಡಿಎಲ್ ಶೇ 5ರಷ್ಟು ಇಳಿದಿತ್ತು. ಗುಗ್ಗುಲು ಸಾರ ತೆಗೆದುಕೊಂಡವರಲ್ಲಿ ಶೇ 4ರಿಂದ 5ರಷ್ಟು ಏರಿತ್ತು. ಕೆಲವರಿಗೆ ಮೈಮೇಲೆ ಗಂಧೆ ಎದ್ದಿತು.

ಇದಕ್ಕೆ ಸಂಪ್ರದಾಯದ ಕಡೆಯಿಂದ ಬಂದ ಆಕ್ಷೇಪ ಹಗುರವಾದದ್ದಲ್ಲ. ವೈದ್ಯರು ಗುಗ್ಗುಲುವನ್ನು ತ್ರಿಫಲಾ ಕಷಾಯದಂಥ ದ್ರವಗಳಲ್ಲಿ ಶೋಧಿಸಿ, ಇತರ ದ್ರವ್ಯಗಳೊಡನೆ ಕೂಡಿಸಿ, ಪ್ರಕೃತಿ ನೋಡಿ, ಪಥ್ಯ ಹೇಳಿ ಕೊಡುತ್ತಾರೆ. ದ್ರಾವಕದಲ್ಲಿ ತೆಗೆದ ಸಾರ ಆ ದ್ರವ್ಯವೇ ಅಲ್ಲ. ಸಮವಾಯವನ್ನು ಒಪ್ಪುವವರಿಗೆ ಇದು ಸಹಜವಾದ ಮಾತು. ಅಶ್ವಗಂಧದ ವಿಷಯದಲ್ಲಿ ಇಂಥ ಮಾತಿಗೆ ಬಲವೂ ಇದೆ. ಕನ್ನಡದಲ್ಲಿ ಹಿರೇಮದ್ದು ಎನಿಸಿಕೊಂಡ ಆ ಗಿಡದಲ್ಲಿ ಶಾಸ್ತ್ರ ಮುಖ್ಯವಾಗಿ ಬಳಸಿದ್ದು ಬೇರನ್ನು. ಜೀವಕೋಶಕ್ಕೆ ನಂಜಾಗಬಲ್ಲ ವಿಥಾಫೆರಿನ್ ಎ ಹೆಚ್ಚಾಗಿರುವುದು ಎಲೆಯಲ್ಲಿ. ಗಿಡದ ಯಾವ ಅಂಗ ಎಂಬ ಹಳೆಯ ವಿವೇಚನೆಯನ್ನು ಬಿಟ್ಟು ಅಣುವಿನ ಪ್ರಮಾಣವನ್ನಷ್ಟೇ ಅಳೆದು ಸಾರ ತಯಾರಿಸಿದರೆ ಹಾನಿ ತಪ್ಪದು. ಆದರೆ ಈ ಆಕ್ಷೇಪಕ್ಕೆ ಬೆಲೆ ಬರಬೇಕಾದರೆ ಅದೂ ಪರೀಕ್ಷೆಗೆ ನಿಲ್ಲಬೇಕು. ಶೋಧಿಸಿದ ಗುಗ್ಗುಲುವನ್ನೇ, ವೈದ್ಯ ಆರಿಸಿದ ರೋಗಿಗಳಿಗೇ, ಪಥ್ಯದೊಡನೆಯೇ ಕೊಟ್ಟು ಫಲ ನೋಡಬಹುದು. ಯಾವ ಫಲ ಬಂದರೂ ಅದು ನಮ್ಮ ಗುಗ್ಗುಲು ಅಲ್ಲ ಎಂದು ಜಾರಿಕೊಂಡರೆ, ಫಲದ ಮೇಲೆ ನಿಂತ ಗೌತಮನ ವಾದವನ್ನೇ ಕೈಬಿಟ್ಟಂತೆ.

ಇದೇ ಅಳತೆಗೋಲು ಆಧುನಿಕ ಉತ್ಪನ್ನಗಳಿಗೂ ಸಲ್ಲಬೇಕು. ಸ್ಟೆರಾಲ್ ಬೆರೆಸಿದ ಆಹಾರ ಎಲ್‌ಡಿಎಲ್ ಇಳಿಸುವುದು ನಿಜ; ಅದರಿಂದ ಹೃದಯಾಘಾತ ತಗ್ಗುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗ ಒಂದೂ ಇಲ್ಲ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಹೃದ್ರೋಗ ತಡೆಯಲು ಇವನ್ನು ಶಿಫಾರಸು ಮಾಡದಿರುವುದು ಇದೇ ಕಾರಣಕ್ಕೆ. ಕೊಬ್ಬಿನಲ್ಲಿ ಕರಗುವ ಕ್ಯಾರೊಟಿನಾಯ್ಡ್‌ಗಳೂ ಸ್ಟೆರಾಲ್‌ನಿಂದ ಸ್ವಲ್ಪ ಹೊರಗುಳಿಯುತ್ತವೆ, ಆದ್ದರಿಂದ ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಇವು ಬೇಡ. ವೈದ್ಯರು ಬರೆದುಕೊಟ್ಟ ಕೊಲೆಸ್ಟರಾಲ್ ಮಾತ್ರೆಯನ್ನು ಬಿಟ್ಟು ಇವನ್ನು ಹಿಡಿಯುವುದಂತೂ ಸಲ್ಲದು.

ಕೊನೆಗೆ ಗಿಡದ ಕಡೆಯ ಮಾತು. ಋಗ್ವೇದದ ಓಷಧಿಸೂಕ್ತ ಗಿಡಗಳನ್ನು ತಾಯಂದಿರೆಂದು ಕರೆಯುತ್ತದೆ. ಚರಕ ಸಂಹಿತೆಯ ಕಲ್ಪಸ್ಥಾನ ಮದ್ದು ಕೀಳಲು ಹೋಗುವವನು ಶುಚಿಯಾಗಿ, ಬಿಳಿ ಬಟ್ಟೆ ಉಟ್ಟು, ಉಪವಾಸವಿದ್ದು, ದೇವತೆಗಳನ್ನು ಪೂಜಿಸಿ, ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ಕೀಳಬೇಕು ಎನ್ನುತ್ತದೆ. ರಾಷ್ಟ್ರಕೂಟ ನೃಪತುಂಗನ ಕಾಲದ ಜೈನ ಮುನಿ ಉಗ್ರಾದಿತ್ಯ ತನ್ನ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ಮಾಂಸವಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿ, ಮಾಂಸ ಮದ್ದಲ್ಲವೆಂದು ರಾಜಸಭೆಯಲ್ಲೇ ವಾದಿಸಿದ. ಜೈನರಿಗೆ ಗಿಡವೂ ಜೀವವೇ. ಒಂದು ಗಡ್ಡೆಯಲ್ಲಿ ಅನಂತ ಜೀವಗಳಿವೆ ಎಂದು ನಂಬುವ ಅವರಿಗೆ ಬೇರು ಕೀಳುವುದು ಲಘುವಾದ ಕೆಲಸವಲ್ಲ. ಗುಣ ಅಣುವಿನಲ್ಲಿದೆ ಎಂದುಕೊಂಡವರಿಗೆ ಗಿಡ ಬರೀ ಗಣಿಯಾಗಿ ಕಾಣುವ ಅಪಾಯವಿದೆ, ಮತ್ತು ಗುಗ್ಗುಲುವಿಗೆ ಆದದ್ದು ಅದೇ. ಅಂಟು ಬೇಗ, ಹೆಚ್ಚು ಸುರಿಯಲೆಂದು ಕಾಂಡಕ್ಕೆ ಆಳವಾದ ಗಾಯ ಮಾಡಿ ರಾಸಾಯನಿಕ ಬಳಿಯುತ್ತಾರೆ. ಹಾಗೆ ಬಳಿದ ಗಿಡ ಅಂಟು ಸುರಿಸಿ ಸಾಯುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಗುಗ್ಗುಲು ಇಂದು ತೀವ್ರ ಅಪಾಯದ ಅಂಚಿನಲ್ಲಿರುವ ಪ್ರಭೇದ.